ಪಕ್ಕದ ಮನೆಯವನ ಕಂತು

ಮೇಷ್ಟ್ರೇ, ಆ ಪೈಪು ತೆಂಗಿನ ಬುಡಕ್ಕೆ ಬಿಟ್ಟು ಸ್ವಲ್ಪ ಈ ಕಡೆ ಬನ್ನಿ. ನಿನ್ನೆ ನೀವು ಅಂದ ಮಾತು ರಾತ್ರಿಯೆಲ್ಲ ತಲೆ ತಿಂತು. 2008ರಲ್ಲಿ ಅಮೆರಿಕ ಸರ್ಕಾರ ಬ್ಯಾಂಕುಗಳನ್ನ ಉಳಿಸಿತು, ಕೊಟ್ಟ ದುಡ್ಡೂ ವಾಪಸ್ ಬಂತು, ಮತ್ತೆ ಜನಕ್ಕೆ ಅಷ್ಟೊಂದು ಸಿಟ್ಟು ಯಾಕೆ ಅಂದಿರಲ್ಲ. ಬ್ಯಾಂಕಿನ ಸಾಲದ ವಿಭಾಗದಲ್ಲೇ ತಲೆ ನರೆತವನು ನಾನು, ಉತ್ತರ ಹೇಳದೆ ಇರೋಕಾಗಲ್ಲ.

ದುಡ್ಡು ಬಂದದ್ದು ನಿಜ. ಎಐಜಿ ಅನ್ನೋ ವಿಮಾ ಕಂಪನಿ ಒಂದಕ್ಕೇ ಸುಮಾರು 18,200 ಕೋಟಿ ಡಾಲರ್‌ವರೆಗೆ ನೆರವು ಒಪ್ಪಿಕೊಂಡಿದ್ದರು. 2012ರ ಡಿಸೆಂಬರ್‌ನಲ್ಲಿ ಉಳಿದ ಷೇರು ಮಾರಿದಾಗ 2,270 ಕೋಟಿ ಡಾಲರ್ ಲಾಭ ಅಂತಲೇ ಸರ್ಕಾರ ಲೆಕ್ಕ ಕೊಟ್ಟಿತು. ಆದರೆ ಜನ ಕೇಳ್ತಿದ್ದದ್ದು ಲಾಭ ನಷ್ಟ ಅಲ್ಲ. ಸಾಲ ಅವರದ್ದೂ ಸಾಲವೇ, ನಮ್ಮದೂ ಸಾಲವೇ, ಅವರಿಗೊಂದು ಕಾನೂನು ನಮಗೊಂದು ಯಾಕೆ ಅಂತ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಮನೆ ಸಾಲಗಳನ್ನ ಕಂತೆ ಕಟ್ಟಿ ಬಾಂಡು ಮಾಡಿ ಮಾರಿದ್ದರು. ಬಾಂಡು ಮುಳುಗಿದರೆ ನಾವು ತುಂಬಿಕೊಡ್ತೀವಿ ಅಂತ ಎಐಜಿ ಬರೆದುಕೊಟ್ಟು ಶುಲ್ಕ ವಸೂಲಿ ಮಾಡ್ತಿತ್ತು. ತುಂಬಿಕೊಡೋಕೆ ಬೇಕಾದಷ್ಟು ದುಡ್ಡನ್ನ ಮಾತ್ರ ಎತ್ತಿಟ್ಟಿರಲಿಲ್ಲ. 2008ರ ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕು ದಿವಾಳಿ ಅರ್ಜಿ ಹಾಕಿತು. ಮಾರನೇ ದಿನವೇ ಎಐಜಿಗೆ 8,500 ಕೋಟಿ ಡಾಲರ್ ಸಾಲ ಮಂಜೂರು. ಆ ಕಂಪನಿಯಿಂದ ದುಡ್ಡು ಬರಬೇಕಿದ್ದ ದೊಡ್ಡ ಬ್ಯಾಂಕುಗಳಿಗೆ ಒಂದು ಪೈಸೆ ಕಡಿತವಿಲ್ಲದೆ ಪೂರ್ತಿ ಚುಕ್ತಾ ಆಯ್ತು. ಗೋಲ್ಡ್‌ಮನ್ ಸ್ಯಾಕ್ಸ್ ಒಂದಕ್ಕೇ 1,290 ಕೋಟಿ ಡಾಲರ್. ಮುಳುಗಿದ ಗಿರಾಕಿಯ ಜೊತೆ ಓಟಿಎಸ್‌ಗೆ, ಅಂದರೆ ಒಂದೇ ಸಲಕ್ಕೆ ಸಾಲ ಮುಗಿಸೋ ರಾಜಿಗೆ ಕೂತಾಗ ನಾವು ಬಡ್ಡಿ ಬಿಟ್ಟು, ಅಸಲಿನಲ್ಲೂ ಒಂದಷ್ಟು ಬಿಟ್ಟು ಫೈಲು ಮುಚ್ತಿದ್ದೆವು. ಮುಳುಗಿದವನ ಹತ್ತಿರ ಪೂರ್ತಿ ವಸೂಲಾದದ್ದನ್ನ ನನ್ನ ಸರ್ವಿಸ್‌ನಲ್ಲಿ ನಾನಂತೂ ಕಂಡಿಲ್ಲ. ಸಾಲದ್ದಕ್ಕೆ 2009ರ ಮಾರ್ಚ್‌ನಲ್ಲಿ, ಆ ಖಾತ್ರಿ ಬರೆದುಕೊಟ್ಟು ಎಐಜಿಯನ್ನ ಈ ಗತಿಗೆ ತಂದ ವಿಭಾಗದವರಿಗೇ 16.5 ಕೋಟಿ ಡಾಲರ್ ಬೋನಸ್ಸು.

ಈಗ ಮನೆ ಸಾಲದವನ ಕಡೆ ಬನ್ನಿ. ಅಲ್ಲಿನ ದಿವಾಳಿ ಕಾನೂನಿನಲ್ಲಿ ರಜೆಗೆ ಹೋಗಿ ಇರೋ ಎರಡನೇ ಮನೆಯ ಸಾಲವನ್ನ ಅದರ ಇವತ್ತಿನ ಬೆಲೆಗೆ ಇಳಿಸೋ ಅಧಿಕಾರ ನ್ಯಾಯಾಧೀಶರಿಗೆ ಇದೆ. ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡೋ ಮನೆ ಇದೆಯಲ್ಲ, ಅದರ ಸಾಲವನ್ನ ಮುಟ್ಟೋ ಹಾಗಿಲ್ಲ! ಇದನ್ನ ತಿದ್ದೋಣ ಅಂತ ಡರ್ಬಿನ್ ಅನ್ನೋ ಸೆನೆಟರ್ ಪ್ರಸ್ತಾವ ತಂದರು. 2009ರ ಏಪ್ರಿಲ್ 30ಕ್ಕೆ ಮತ ಹಾಕಿದರು. ಪರವಾಗಿ 45, ವಿರೋಧ 51. ಬಿದ್ದುಹೋಯ್ತು. ಇದನ್ನ ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತೆ, ಮೇಷ್ಟ್ರೇ.

ಆ ಸಿಟ್ಟೆಲ್ಲ ಎಲ್ಲಿಗೆ ಹೋಯ್ತು ಅಂತೀರಿ? ಅದೇ 2009ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮ ಮನೆ ಸಾಲದವರಿಗೆ ನೆರವಿನ ಯೋಜನೆ ಹೇಳಿದ ಮಾರನೇ ದಿನ, ಶಿಕಾಗೋ ಮಾರುಕಟ್ಟೆಯ ಅಂಗಳದಲ್ಲಿ ನಿಂತ ರಿಕ್ ಸ್ಯಾಂಟೆಲಿ ಅನ್ನೋ ಟಿವಿಯವರು ಸುತ್ತಲಿದ್ದವರನ್ನ ಕೇಳಿದರು, ಪಕ್ಕದ ಮನೆಯವನು ಹೆಚ್ಚಿಗೆ ಒಂದು ಬಾತ್‌ರೂಮ್ ಕಟ್ಟಿಸಿಕೊಂಡ ಸಾಲವನ್ನ ನೀವು ತೀರಿಸ್ತೀರಾ ಅಂತ. ಟೀ ಪಾರ್ಟಿ ಚಳವಳಿ ಹೊತ್ತಿಕೊಂಡದ್ದೇ ಆ ಮಾತಿನಿಂದ. ಬ್ಯಾಂಕಿನ ಮೇಲಿದ್ದ ಸಿಟ್ಟು ಬೇಲಿಯಾಚೆಯವನ ಮೇಲೆ ತಿರುಗಿತು. ಅಷ್ಟೇ ಅಲ್ಲ, ಅಲ್ಲಿ ಕೆಲಸಕ್ಕೆ ಹೋಗೋ ನಮ್ಮ ಹುಡುಗರಿಗೂ ಬಿಸಿ ತಟ್ಟಿತು. ಸರ್ಕಾರದ ದುಡ್ಡು ತಗೊಂಡ ಬ್ಯಾಂಕು ಎಚ್-1ಬಿ ವೀಸಾದವರನ್ನ ಸೇರಿಸಿಕೊಳ್ಳೋಕೆ ಮೊದಲು ಅಮೆರಿಕದವರನ್ನ ಹುಡುಕಿರಬೇಕು ಅಂತ ಕಾಯ್ದೆ ಬಂತು.

ಕಂತು ಸರಿಯಾಗಿ ಕಟ್ಟಿದವನ ಸಂಕಟ ಸುಳ್ಳು ಅಂತ ನಾನು ಹೇಳಲ್ಲ. ಅದೇ 2008ರ ಬಜೆಟ್ಟಿನಲ್ಲಿ ನಮ್ಮಲ್ಲೂ ರೈತರ ಸಾಲ ಮನ್ನಾ ಆಯ್ತಲ್ಲ, ಬಾಕಿ ಉಳಿಸಿಕೊಂಡವರಿಗೆ ಮಾತ್ರ. ಹೆಂಡತಿ ಬಳೆ ಅಡವಿಟ್ಟು ಹೊತ್ತಿಗೆ ಸರಿಯಾಗಿ ಕಟ್ಟಿದ್ದ ಒಬ್ಬ ರೈತ ನನ್ನ ಮೇಜಿನ ಮುಂದೆ ಪಾಸ್‌ಬುಕ್ ಬಿಚ್ಚಿಟ್ಟು, "ನಾನೇನು ತಪ್ಪು ಮಾಡಿದೆ ಸ್ವಾಮಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವನು ಪಕ್ಕದ ಹೊಲದವನನ್ನ ಬೈಯಲಿಲ್ಲ, ನಿಯಮ ಮಾಡಿದವರನ್ನ ಕೇಳಿದ. ಅಮೆರಿಕದಲ್ಲೂ ಹಾಗೇ ಕೇಳಬೇಕಿತ್ತು. 2011ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಜುಕಾಟಿ ಪಾರ್ಕಿನಲ್ಲಿ ಡೇರೆ ಹಾಕಿದವರು ಕೇಳಿದರು. ನವೆಂಬರ್‌ನಲ್ಲಿ ಪೊಲೀಸರು ಎಬ್ಬಿಸಿದರು.

ಹಾಗಾದರೆ ಒಬಾಮ ಹೇಳಿದ ಆ ನೆರವಿನ ಯೋಜನೆ ಏನಾಯ್ತು ಅಂದಿರಾ? ಮೂರು ತಿಂಗಳು ಕಡಿಮೆ ಕಂತು ಕಟ್ಟಿ ತೋರಿಸಿ, ಆಮೇಲೆ ಕಾಯಂ ಮಾಡ್ತೀವಿ ಅಂದರು. ಜನ ಸಂಬಳದ ಚೀಟಿ, ತೆರಿಗೆ ಪತ್ರ ಎಲ್ಲ ಫ್ಯಾಕ್ಸ್ ಮಾಡಿದರು. ತಲುಪಿಲ್ಲ ಅನ್ನೋ ಉತ್ತರ ಬಂತು. ಮತ್ತೆ ಕಳಿಸಿದರು. ಈ ಟೇಬಲ್ಲಿನಲ್ಲಿ ಅರ್ಜಿ ನಡೀತಿರುವಾಗಲೇ ಅದೇ ಬ್ಯಾಂಕಿನ ಇನ್ನೊಂದು ಟೇಬಲ್ಲಿನಿಂದ ಜಪ್ತಿ ನೋಟೀಸು. ಆ ಜಪ್ತಿ ಕಾಗದಗಳಿಗೆ ಗುಮಾಸ್ತರು ಓದದೆ ದಿನಕ್ಕೆ ನೂರಾರು ರುಜು ಹಾಕ್ತಿದ್ದದ್ದು 2010ರಲ್ಲಿ ಬಯಲಾಯ್ತು. ಲೆಡ್ಜರಿನಲ್ಲಿ ಒಂದು ತಪ್ಪು ರುಜುವಿಗೆ ಮೆಮೊ ಕೊಡೋ ಕೆಲಸದಿಂದ ಬಂದವನು ನಾನು. ಅಲ್ಲಿ ಹಾಗೆ ರುಜು ಹಾಕಿ ಜನರನ್ನ ಮನೆಯಿಂದ ಎಬ್ಬಿಸಿದರು. 2012ರಲ್ಲಿ ಐದು ದೊಡ್ಡ ಬ್ಯಾಂಕುಗಳು 2,500 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡವು. ಆಗಲೇ ಮನೆ ಹರಾಜಾಗಿದ್ದವರಿಗೆ ಮರುವರ್ಷ ಅಂಚೆಯಲ್ಲಿ ಚೆಕ್ ಬಂತು. ತಲಾ ಸುಮಾರು ಒಂದೂವರೆ ಸಾವಿರ ಡಾಲರ್, ಮೇಷ್ಟ್ರೇ. ಆಗ ಅಲ್ಲಿ ಅದು ಒಂದೆರಡು ತಿಂಗಳ ಮನೆ ಬಾಡಿಗೆ.