ಉಣ್ಣೆ ಮೀಮಾಂಸೆ: ಟಿ. ನಗರದ ಶುನಕ ಪ್ರಕರಣ

ಶಾಸ್ತ್ರ ಹೇಳಹೊರಟವರು ಮೊದಲು ವಿಷಯ, ಅಧಿಕಾರಿ, ಪ್ರಯೋಜನಗಳನ್ನು ಹೇಳಿಬಿಡಬೇಕು. ವಿಷಯ: ಉಣ್ಣೆ, ಸೊಳ್ಳೆ, ಚಿಗಟ, ನೊಣಗಳಿಂದ ನಾಯಿಗೆ ಬರುವ ರೋಗಗಳು. ಅಧಿಕಾರಿ: ಮುಂಜಾನೆ ನಟೇಶನ್ ಪಾರ್ಕಿನ ಸುತ್ತ ನಾಯಿಯಿಂದ ಎಳೆಸಿಕೊಂಡು ಓಡುವ, ಚೆನ್ನೈಯ ಟಿ. ನಗರದ ಗೃಹಸ್ಥ. ಪ್ರಯೋಜನ: ಡಾಕ್ಟರ ಎರಡನೆಯ ಬಿಲ್ಲು ತಪ್ಪುವುದು.

ವಾಹನ ಪ್ರಕರಣ: ದೇವರಿಗಿರುವಂತೆ ರೋಗಕ್ಕೂ ವಾಹನ ಉಂಟು. ಅವು ನಾಲ್ಕು.
ಉಣ್ಣೆ: ಎಂಟು ಕಾಲಿನ ಜೇಡರ ಕುಲ. ಮರಿಯಾಗಿರುವಾಗ ಮಾತ್ರ ಆರು ಕಾಲು ತೋರಿಸಿ ಕೀಟವೆಂದು ನಂಬಿಸುತ್ತದೆ.
ಸೊಳ್ಳೆ: ದಿರೋಫಿಲೇರಿಯಾ ಹುಳುವನ್ನು ಹೊರುತ್ತದೆ. ಹೃದಯಕ್ಕಿಳಿಯುವ ಜಾತಿ ನಮ್ಮಲ್ಲಿ ಹೆಚ್ಚಾಗಿ ಈಶಾನ್ಯದ್ದು. ದಕ್ಷಿಣದಲ್ಲಿ ಚರ್ಮದಡಿ ವಾಸಿಸುವ ಅದರ ದಾಯಾದಿಯೇ ಹೆಚ್ಚು.
ಚಿಗಟ: ನಾಯಿ ಮೈ ಕಚ್ಚಿಕೊಳ್ಳುವಾಗ ಇದನ್ನು ನುಂಗಿದರೆ ಲಾಡಿಹುಳು ಉಚಿತ.
ಕುದುರೆನೊಣ: ಸರ್ರಾ ರೋಗ ತರುತ್ತದೆ, ನಾಯಿಯ ಕಣ್ಣು ಬೆಳ್ಳಗಾಗುವುದು ಅದರ ಒಂದು ಕುರುಹು.

ನಿವಾಸ ಪ್ರಕರಣ: ಉಣ್ಣೆಯಿಂದ ಇಳಿದವರು ರಕ್ತದ ಯಾವ ಕಣದಲ್ಲಿ ತಂಗುತ್ತಾರೆಂಬುದರ ಮೇಲೆ ಮೂರು ವರ್ಣ.
ಕೆಂಪು ಕಣದವರು ಬೆಬೀಸಿಯಾಗಳು. ಇವರಲ್ಲಿ ‘ಗಿಬ್ಸೋನಿ’ ಎಂಬಾತ ಶುದ್ಧ ಮದ್ರಾಸಿಗ. 1910ರಲ್ಲಿ ಪ್ಯಾಟನ್ ಎಂಬ ಸಂಶೋಧಕ ಈತನನ್ನು ವರ್ಣಿಸಿದ್ದು ‘ಮದ್ರಾಸ್ ಹಂಟ್’ ಎಂಬ ಬೇಟೆಕೂಟದ ನಾಯಿಗಳ ರಕ್ತದಲ್ಲಿ ಕಂಡು. ನರಿಯ ರಕ್ತದಲ್ಲೂ ಸಿಕ್ಕಿದ. ಆಗ ಟಿ. ನಗರವೇ ಇರಲಿಲ್ಲ, ಅದು ಮಾಂಬಲಂ ಕೆರೆಯ ನೀರಿದ್ದಲ್ಲಿ 1920ರ ದಶಕದಲ್ಲಿ ಎದ್ದ ಬಡಾವಣೆ. ಹಾಗಾಗಿ ಇಲ್ಲಿ ಮೂಲನಿವಾಸಿ ಯಾರೆಂಬ ವಾದದಲ್ಲಿ ಗೆಲುವು ಗಿಬ್ಸೋನಿಯದೇ. ಉಣ್ಣೆ ಸಿಗದಿದ್ದರೆ ಈತ ನಾಯಿಜಗಳದ ಕಚ್ಚಾಟದಲ್ಲೂ ದಾಟುತ್ತಾನೆ.
ಬಿಳಿ ಕಣದವರು ಇಬ್ಬರು. 1935ರಲ್ಲಿ ಅಲ್ಜೀರಿಯಾದಲ್ಲಿ ಪತ್ತೆಯಾದ ಎರ್ಲಿಕಿಯಾ ಒಬ್ಬ, ಹೆಪಟೋಜೂನ್ ಇನ್ನೊಬ್ಬ. ಎರಡನೆಯವನ ವಿಷಯದಲ್ಲಿ ಕಚ್ಚಿದ್ದು ಉಣ್ಣೆಯಲ್ಲ, ನಾಯಿ: ಅದು ಉಣ್ಣೆಯನ್ನು ನುಂಗಿದರೆ ರೋಗ.
ಕಿರುಬಿಲ್ಲೆಯವನು (ಪ್ಲೇಟ್‌ಲೆಟ್‌ನಲ್ಲಿ ತಂಗುವವನು) ಅನಾಪ್ಲಾಸ್ಮಾ ಪ್ಲಾಟಿಸ್.

ಯಜಮಾನ ಪ್ರಕರಣ: ಇವರು ತ್ರಿವಿಧ. ಉಣ್ಣೆಯನ್ನು ಊದುಬತ್ತಿಯಿಂದ ಸುಡುವವರು ಅಧಮರು. ಬೆರಳಲ್ಲಿ ಹಿಸುಕುವವರು ಮಧ್ಯಮರು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ, ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯುವವರು ಉತ್ತಮರು.

ಪೂರ್ವಪಕ್ಷ: “ಯಾವುದಾದರೇನು ಸಾರ್, ಎಲ್ಲ ಟಿಕ್ ಫೀವರೇ. ಪಕ್ಕದ ಮನೆ ನಾಯಿಯ ಮಾತ್ರೆ ಮಿಕ್ಕಿದೆ.”

ಸಿದ್ಧಾಂತ: ಹಾಗಲ್ಲ. ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಇವು ಹಲವರಿಗೆ ಸಾಮಾನ್ಯ ಲಕ್ಷಣ; ಮದ್ದು ಮಾತ್ರ ಬೇರೆ ಬೇರೆ. ಸುಮಾರು ನಾಲ್ಕು ವಾರದ ಡಾಕ್ಸಿಸೈಕ್ಲಿನ್‌ಗೆ ಎರ್ಲಿಕಿಯಾ ಮಣಿಯುತ್ತಾನೆ, ಅನಾಪ್ಲಾಸ್ಮಾನೂ ಮಣಿಯುತ್ತಾನೆ. ಗಿಬ್ಸೋನಿ ಅದಕ್ಕೆ ಜಗ್ಗುವವನಲ್ಲ. ಅವನಿಗೆ ಅಟೋವಕ್ವೋನ್, ಅಜಿತ್ರೊಮೈಸಿನ್‌ಗಳ ಜೋಡಿಯಂಥದು ಬೇಕು. ಒಂದೇ ನಾಯಿಯಲ್ಲಿ ಎರ್ಲಿಕಿಯಾ, ಗಿಬ್ಸೋನಿ ಇಬ್ಬರೂ ಇರಬಹುದು. ಆದ್ದರಿಂದ ಈ ವರ್ಗೀಕರಣ ಪಂಡಿತರ ಚಪಲವಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ ನೋಡಿದಾಗ, ಯಾವ ಕಣದಲ್ಲಿ ಯಾರಿದ್ದಾರೆಂಬ ಈ ವಿಂಗಡಣೆಯೇ ಚಿಕಿತ್ಸೆಯ ಮೊದಲ ಹೆಜ್ಜೆ. ನೋಡುವವರು ದೂರವೂ ಇಲ್ಲ, ವೇಪೇರಿಯಲ್ಲಿ 1903ರಿಂದ ಪಶುವೈದ್ಯ ಕಾಲೇಜಿದೆ.

ಪರಿಶಿಷ್ಟ: ಕಂದು ಉಣ್ಣೆ ಪ್ರತಿ ಊಟದ ನಂತರ ನಾಯಿಯಿಂದ ಉದುರಿ ಗೋಡೆಯ ಬಿರುಕು ಸೇರುತ್ತದೆ, ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ, ಚಳಿಗಾಲವಿಲ್ಲದ ಚೆನ್ನೈಯಲ್ಲಿ ಅದಕ್ಕೆ ರಜೆಯೂ ಇಲ್ಲ. ನಾಯಿಗೆ ಮದ್ದು ಕೊಟ್ಟ ದಿನವೇ ಗೋಡೆಗೂ ಕೊಡಿಸಿ.