ಉಪ್ಪಿನ ಋಣ

1970ರ ಒಂದು ರಾತ್ರಿ ಶಿಕಾಗೊದ ಸಿನಿಮಾ ಥಿಯೇಟರೊಂದರಲ್ಲಿ ಪಾಪ್‌ಕಾರ್ನಿಗೆ ಉಪ್ಪು ಹಾಕಿದ ಪುಣ್ಯಾತ್ಮನ ಕೈ ತುಸು ಧಾರಾಳವಾಯಿತು. ಮೆಲ್ಲುತ್ತ ಕೂತಿದ್ದ ರೋಜರ್ ಈಬರ್ಟ್‌ನ ಗಂಟಲು ಒಣಗಿತು. ಈತ ಶಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಸಿನಿಮಾ ವಿಮರ್ಶಕ. ಸಿನಿಮಾ ನೋಡುವುದಕ್ಕೇ ಸಂಬಳ. ಆದರೂ ಅರ್ಧಕ್ಕೇ ಎದ್ದು, ಒಂದು ಬಿಯರ್ ಸಿಕ್ಕರೆ ಸಾಕೆಂದು ಆರ್ಮಿಟೇಜ್ ರಸ್ತೆಯ ಫಿಫ್ತ್ ಪೆಗ್ ಎಂಬ ಕ್ಲಬ್ಬಿಗೆ ಹೊಕ್ಕ. ಅಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದವನು ಒಬ್ಬ ಪೋಸ್ಟ್‌ಮ್ಯಾನ್.

ಜಾನ್ ಪ್ರೈನ್ ಎಂಬ ಆ ಪೋಸ್ಟ್‌ಮ್ಯಾನ್ ಈ ಪಾಪ್‌ಕಾರ್ನ್ ಪುರಾಣವನ್ನು ಮುಂದೆ ಬಲು ಖುಷಿಯಿಂದ ಹೇಳುತ್ತಿದ್ದ. ಉಪ್ಪಿನ ಋಣವನ್ನು ಹೀಗೆ ಒಪ್ಪಿಕೊಂಡ ಕಲಾವಿದರು ವಿರಳ.

ಅವನು ವೇದಿಕೆ ಹತ್ತಿದ ಬಗೆಯೂ ಹಾಗೆಯೇ. ಅದೇ ಕ್ಲಬ್ಬಿನಲ್ಲಿ ಯಾರು ಬೇಕಾದರೂ ಹಾಡಬಹುದಾದ ರಾತ್ರಿ ಇರುತ್ತಿತ್ತು. ಪ್ರೈನ್ ಕೆಳಗೆ ಕೂತು, ಮದುವೆ ಪಂಕ್ತಿಯಲ್ಲಿ ಕೂತು ಸಾರಿಗೆ ಹುಳಿ ಸಾಲದೆನ್ನುವ ನೆಂಟನ ಹಾಗೆ, ಹಾಡಿದವರ ಬಗ್ಗೆಯೆಲ್ಲ ಗೊಣಗುತ್ತಿದ್ದ. ಕೇಳಿ ಕೇಳಿ ರೇಗಿದವರು, ಅಷ್ಟು ಬಲ್ಲವನಾದರೆ ನೀನೇ ಹೋಗಿ ಹಾಡು ಎಂದರು. ಹೋದ. ವಿಯೆಟ್ನಾಂ ಯುದ್ಧದಿಂದ ಮಾದಕ ವಸ್ತುವಿನ ಚಟ ಹತ್ತಿಸಿಕೊಂಡು ಬಂದ ಸೈನಿಕನ ಮೇಲಿನ ‘ಸ್ಯಾಮ್ ಸ್ಟೋನ್’ ಹಾಡಿದ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ; ಸುಮ್ಮನೆ ದಿಟ್ಟಿಸಿದರು. ಕೆಟ್ಟೆನಪ್ಪಾ ಎಂದುಕೊಂಡು ಇವನು ಚಡಪಡಿಸುವಷ್ಟರಲ್ಲಿ ಚಪ್ಪಾಳೆ ಶುರುವಾಯಿತು.

ಈ ಹಾಡುಗಳು ಹುಟ್ಟಿದ್ದು ಶಿಕಾಗೊ ಹೊರವಲಯದ ಮೇವುಡ್ ಬೀದಿಗಳಲ್ಲಿ, ಟಪಾಲು ಹಂಚುತ್ತ ಮನಸ್ಸಿನಲ್ಲೇ. ಮನೆಗಳು ಗೊತ್ತಿದ್ದವು, ಕಾಲು ತಾನೇ ನಡೆಯುತ್ತಿತ್ತು, ತಲೆ ಖಾಲಿ ಇತ್ತು. ಒಮ್ಮೆ ರೀಡರ್ಸ್ ಡೈಜೆಸ್ಟ್ ತನ್ನ ಸಂಚಿಕೆಯ ಜೊತೆ ಅಮೆರಿಕದ ಬಾವುಟದ ಸ್ಟಿಕ್ಕರನ್ನು ಪುಕ್ಕಟೆ ಕಳಿಸಿತು. ಆ ದಪ್ಪ ಸಂಚಿಕೆಗಳನ್ನು ಮನೆಮನೆಗೆ ಹೊತ್ತವನು ಪ್ರೈನ್. ಮರುದಿನ ನೋಡಿದರೆ ಬೀದಿತುಂಬ ಬಾವುಟ! ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ಸ್ವರ್ಗದ ಬಾಗಿಲು ತೆರೆಯದೆಂಬ ತಮಾಷೆಯ ಹಾಡು ಹಾಗೆ ಹುಟ್ಟಿತು. ದೇಶಭಕ್ತಿಯನ್ನು ತಾನೇ ಬಟವಾಡೆ ಮಾಡಿ, ತಾನೇ ಅಣಕಿಸಿದ ಪೋಸ್ಟ್‌ಮ್ಯಾನ್ ಇನ್ನೊಬ್ಬ ಇರಲಾರ.

ಈಬರ್ಟ್ ಆ ರಾತ್ರಿ ಕೇಳಿದ್ದನ್ನು ಕುರಿತೇ ಬರೆದ. ‘ಹಾಡುವ ಅಂಚೆಯವ’ನ ಲೇಖನ ಅಚ್ಚಾದದ್ದು 1970ರ ಅಕ್ಟೋಬರ್ 9ರಂದು, ಮರುದಿನ ಪ್ರೈನ್‌ಗೆ 24 ತುಂಬಿತು. ಆಮೇಲೆ ಫಿಫ್ತ್ ಪೆಗ್‌ನಲ್ಲಿ ಕುರ್ಚಿ ಸಿಗುವುದು ಕಷ್ಟವಾಯಿತು. ‘ಅವನು ಯಾರೂ ಅಲ್ಲದಿದ್ದಾಗಲೇ ಕೇಳಿದ್ದೆವು’ ಎಂದು ಹೇಳಿಕೊಳ್ಳುವ ಆಸೆ ಯಾವ ಊರಿನ ರಸಿಕರಿಗಿಲ್ಲ? ಆದರೆ ಬಿಯರಿಗೆಂದು ಬಂದವನಿಗೇ ಅದನ್ನು ಮೊದಲು ಅಚ್ಚಿನಲ್ಲಿ ಹೇಳುವ ಯೋಗವಿತ್ತು.

ಮರುವರ್ಷ ಕ್ರಿಸ್ ಕ್ರಿಸ್ಟಾಫರ್ಸನ್ ಎಂಬ ಖ್ಯಾತ ಗಾಯಕ ಶಿಕಾಗೊಕ್ಕೆ ಬಂದಾಗ, ಸ್ಟೀವ್ ಗುಡ್‌ಮನ್ ಎಂಬ ಗಾಯಕ ತನ್ನ ಹಾಡಿಗೆ ಸಿಕ್ಕ ಮೆಚ್ಚುಗೆಯಲ್ಲೇ ತೃಪ್ತನಾಗದೆ, ‘ನನ್ನ ಗೆಳೆಯನನ್ನು ಕೇಳಲೇಬೇಕು’ ಎಂದು ಪ್ರೈನ್ ಹಾಡುತ್ತಿದ್ದ ಕ್ಲಬ್ಬಿಗೆ ಎಳೆದುಕೊಂಡು ಬಂದ. ಹೊತ್ತು ಮೀರಿತ್ತು, ಕುರ್ಚಿಗಳು ಮೇಜಿನ ಮೇಲೇರಿದ್ದವು. ಪ್ರೈನ್ ಅವರಿಗಾಗಿಯೇ ಹಾಡಿದ. ಕ್ರಿಸ್ಟಾಫರ್ಸನ್ ಅವನನ್ನು ನ್ಯೂಯಾರ್ಕಿನ ಬಿಟರ್ ಎಂಡ್ ಕ್ಲಬ್ಬಿನ ವೇದಿಕೆಗೆ ಹತ್ತಿಸಿದ. ಕೇಳುತ್ತಿದ್ದ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಜೆರ್ರಿ ವೆಕ್ಸ್ಲರ್ ಮಾರನೆಯ ದಿನವೇ ಒಪ್ಪಂದಕ್ಕೆ ಕರೆದ.

1971ರಲ್ಲಿ ಮೊದಲ ಆಲ್ಬಮ್ ಬಂತು. ರಕ್ಷಾಪುಟಕ್ಕೆ ಅವನನ್ನು ಒಣಹುಲ್ಲಿನ ಪಿಂಡಿಯ ಮೇಲೆ ಕೂರಿಸಿದರು. ಅಂಥದ್ದರ ಮೇಲೆ ಜನ್ಮದಲ್ಲಿ ಕೂತವನಲ್ಲವೆಂದು ಪ್ರೈನ್ ನಗುತ್ತಿದ್ದ. ಹಳ್ಳಿಗಾಡಿನ ಧಾಟಿಯ ಈ ಬಗೆಯ ಸಂಗೀತಕ್ಕೆ ಅಮೆರಿಕಾನಾ ಎಂಬ ಹೆಸರು ಚಾಲ್ತಿಗೆ ಬರುವುದಕ್ಕೆ ಇನ್ನೂ ವರ್ಷಗಳಿದ್ದವು. ಅಂಗಡಿಯವರಿಗೆ ಹುಲ್ಲೇ ಗುರುತು.

1972ರಲ್ಲಿ ಮತ್ತೆ ಬಿಟರ್ ಎಂಡ್. ಹಾಡಿನ ನಡುವೆ ಹಾರ್ಮೋನಿಕಾ ಹಿಡಿದು ಒಬ್ಬ ಬಂದು ನಿಂತ. ಇವನು ಬಾಬ್ ಡಿಲನ್ ಎಂದು ಪ್ರೈನ್ ಪರಿಚಯಿಸಿದ. ಯಾರೂ ನಂಬಲಿಲ್ಲ, ಒಂದಿಬ್ಬರು ದಾಕ್ಷಿಣ್ಯಕ್ಕೆಂಬಂತೆ ಚಪ್ಪಾಳೆ ತಟ್ಟಿದರು.