ಪಾರಿವಾಳದ ಪರವಾಗಿ

ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾಹಿತಿ ಸಾಗಿಸಲು ವೈರ್ ಮೇಲೋ ವೈರ್‌ಲೆಸ್ ಮೇಲೋ ಎಂಬ ವಾದದಲ್ಲಿ ಎರಡು ಪಂಗಡಗಳಿವೆ. ವೈರಿನವರು ಗೃಹಸ್ಥರು, ಕಾಲಿಗೆ ತೊಡರಿದರೂ ಕಟ್ಟಿಕೊಂಡದ್ದನ್ನು ಬಿಡುವವರಲ್ಲ. ವೈರ್‌ಲೆಸ್‌ನವರು ಸನ್ಯಾಸಿಗಳು, ಬಂಧನ ಬೇಡ, ಸಿಗ್ನಲ್ ಸಾಕು. ಆದರೆ ಈ ಸನ್ಯಾಸವನ್ನು ನಾಲ್ಕು ಹೆಜ್ಜೆ ಹಿಂಬಾಲಿಸಿ ನೋಡಬೇಕು. ಮಂಚದ ಮೇಲಿನ ಲ್ಯಾಪ್‌ಟಾಪಿನಿಂದ ಹೊರಟ ವೈಫೈ ತರಂಗ ಎರಡು ಗೋಡೆ ದಾಟುವಷ್ಟರಲ್ಲಿ ಏದುಸಿರು ಬಿಡುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ 2.4 ಗಿಗಾಹರ್ಟ್ಸ್ ಆಸುಪಾಸಿನದ್ದಾದ್ದರಿಂದ, ಸಾರು ಬಿಸಿಯಾಗುವಾಗ ಸಿನಿಮಾ ತಣ್ಣಗಾಗುವುದೂ ಉಂಟು. ಹೇಗೋ ಪಕ್ಕದ ಕೋಣೆಯ ರೂಟರ್ ಮುಟ್ಟಿತೆನ್ನಿ, ಅಲ್ಲಿಂದಾಚೆಗೆ ಪೂರ್ತಿ ಸಂಸಾರ: ಗೋಡೆಯೊಳಗಿನ ವೈರು, ಬೀದಿಯ ಮರಕ್ಕೆ ಜೋತುಬಿದ್ದ ಕೇಬಲ್ಲು, ಆಮೇಲೆ ಸಮುದ್ರ. ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯಲ್ಲಿ ಶೇಕಡ 95ಕ್ಕಿಂತ ಹೆಚ್ಚು ಪಾಲು ಸಾಗುವುದು ಕಡಲ ತಳದ ಕೇಬಲ್‌ಗಳಲ್ಲಿ. ಬೆಂಗಳೂರಿನ ಕಚೇರಿಯಿಂದ ಗಾಳಿಯಲ್ಲಿ ಹೊರಟ ಇಮೇಲ್ ಮುಂಬೈಯಲ್ಲೋ ಚೆನ್ನೈಯಲ್ಲೋ ನೀರಿಗಿಳಿದೇ ಅಮೆರಿಕ ಕಾಣಬೇಕು. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಭಾರತದ ಇಂಟರ್‌ನೆಟ್ಟೂ ಕುಂಟಿತು. ಆಗ ಯಾವ ಸನ್ಯಾಸಿಯೂ ತನ್ನ ತಪೋಬಲದಿಂದ ಒಂದು ಇಮೇಲ್ ದಾಟಿಸಿದ ದಾಖಲೆಯಿಲ್ಲ.

ಹಾಗಾದರೆ ಈ ಕಡೆಯಿಂದ ಆ ಕಡೆಯವರೆಗೂ ವೈರನ್ನು ಮುಟ್ಟದೆ ಮಾಹಿತಿ ಮುಟ್ಟಿಸುವವರು ಯಾರು? ನನ್ನ ಮತ ಪಾರಿವಾಳಕ್ಕೆ. 2009ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ಸೀಮೆಯಲ್ಲಿ ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಗಿಗಾಬೈಟ್‌ನ ಮೆಮೊರಿ ಕಾರ್ಡ್ ಕಟ್ಟಿ ಬಿಟ್ಟರು. ಅತ್ತ ಬ್ರಾಡ್‌ಬ್ಯಾಂಡಿನಲ್ಲೂ ಅಷ್ಟೇ ಮಾಹಿತಿ ಕಳಿಸತೊಡಗಿದರು. ಹಕ್ಕಿ ಸುಮಾರು 80 ಕಿಲೋಮೀಟರನ್ನು 1 ಗಂಟೆ 8 ನಿಮಿಷದಲ್ಲಿ ಮುಗಿಸಿತು. ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿದ್ದೂ ಸೇರಿ 2 ಗಂಟೆ ಚಿಲ್ಲರೆ. ಅಷ್ಟು ಹೊತ್ತಿನಲ್ಲಿ ಬ್ರಾಡ್‌ಬ್ಯಾಂಡ್ ದಾಟಿಸಿದ್ದು ನೂರಕ್ಕೆ ನಾಲ್ಕು ಪಾಲು. ‘ಅದು ಆಗಿನ ಮಾತು, ಈಗ ಫೈಬರ್ ಬಂದಿದೆ’ ಎನ್ನುವವರಿದ್ದಾರೆ. ಬಂದಿದೆ, ಒಪ್ಪಿದೆ, ಆದರೆ ಕಾರ್ಡೂ ಕೈಕಟ್ಟಿ ಕೂತಿಲ್ಲ. ಒಂದು ಗ್ರಾಮೂ ತೂಗದ ಕಾರ್ಡಿನಲ್ಲಿ ಈಗ 1 ಟೆರಾಬೈಟ್ ಹಿಡಿಸುತ್ತದೆ. ವಿನ್‌ಸ್ಟನ್ನನ ವೇಗದಲ್ಲೇ ಅದನ್ನು ಒಯ್ದರೆ ಸೆಕೆಂಡಿಗೆ ಸುಮಾರು 2 ಗಿಗಾಬಿಟ್ ಆಯಿತು, ಒಂದು ಕಾಳೂ ಹೆಚ್ಚಿಗೆ ತಿನ್ನದೆ! 100 ಮೆಗಾಬಿಟ್‌ನ ಮನೆಯ ಲೈನಿಗೆ ಅದೇ ಹೊರೆ ಸಾಗಿಸಲು 22 ಗಂಟೆ ಬೇಕು. ಕಾರ್ಡಿಗೆ ತುಂಬುವುದಕ್ಕೂ ಇಳಿಸುವುದಕ್ಕೂ ಒಂದೊಂದು ಸಲ ಮೂರು ಗಂಟೆ ಕೊಟ್ಟರೂ ಹಕ್ಕಿಗೆ ಒಟ್ಟು ಏಳು ಗಂಟೆಯ ಕೆಲಸ. ಮಿಕ್ಕ ಹದಿನೈದು ಗಂಟೆ ಅದು ಸೂರಿನ ಮೇಲೆ ಕೂತು ಗುಟುರು ಹಾಕಬಹುದು.

ಆಕ್ಷೇಪಗಳು ಇನ್ನೂ ಇವೆ, ಅವೆಲ್ಲ ತೂಕದವೇ. ಪಾರಿವಾಳ ಹಾರುವುದು ತನ್ನ ಗೂಡಿಗೆ ಮಾತ್ರ. ಅಂದರೆ ಡೌನ್‌ಲೋಡ್ ಉಂಟು, ಅಪ್‌ಲೋಡ್‌ಗೆ ಬುಟ್ಟಿಯಲ್ಲಿ ಹೊತ್ತೊಯ್ಯಬೇಕು. ಗಿಡುಗ ಅಡ್ಡ ಬಂದರೆ ಮಾಹಿತಿಯ ಜೊತೆ ಸಲಕರಣೆಯೂ ಹೋಯಿತು. 1990ರ ಏಪ್ರಿಲ್ 1ರಂದು ಪಾರಿವಾಳದ ಮೂಲಕ ಇಂಟರ್‌ನೆಟ್ ನಡೆಸುವ ನಿಯಮಾವಳಿಯೊಂದು ತಮಾಷೆಗೆ ಪ್ರಕಟವಾಯಿತು. 2001ರಲ್ಲಿ ನಾರ್ವೆಯ ಬರ್ಗೆನ್ನಿನವರು ಅದನ್ನು ನಿಜವಾಗಿಯೇ ಮಾಡಿ ನೋಡಿದರು. ಕಳಿಸಿದ ಒಂಬತ್ತು ಕರೆಗೆ ಉತ್ತರ ಬಂದದ್ದು ನಾಲ್ಕಕ್ಕೆ. ಎಲ್ಲಕ್ಕಿಂತ ದೊಡ್ಡ ಆಕ್ಷೇಪ ವಿಳಂಬದ್ದು. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಪಾರಿವಾಳದಲ್ಲಿ ‘ಹಲೋ’ ಎಂದರೆ ‘ಯಾರು?’ ಎಂಬುದು ತಿರುಗಿ ಬರುವಷ್ಟರಲ್ಲಿ ಹೇಳಬೇಕೆಂದಿದ್ದ ಸುದ್ದಿ ಹಳಸಿರುತ್ತದೆ. ಹಾಗಾಗಿ ಮಾತಿಗೆ ಹಕ್ಕಿ ಆಗದು, ಒಪ್ಪೋಣ. ಆದರೆ ಮಾತು ಬೇರೆ, ಮೂಟೆ ಬೇರೆ. ಬೇಗ ಮುಟ್ಟುವುದು ಒಂದು ಗುಣ, ಬಹಳ ಹೊರುವುದು ಇನ್ನೊಂದು. ಎರಡಕ್ಕೂ ‘ಸ್ಪೀಡು’ ಎಂದುಬಿಟ್ಟದ್ದರಿಂದಲೇ ಈ ಜಗಳ ಬಗೆಹರಿಯದೆ ಉಳಿದಿರುವುದು.

ಪಾರಿವಾಳ ಹುಡುಗಾಟವೆಂದು ಮೂಗು ಮುರಿಯುವವರು ಕಪ್ಪುಕುಳಿಯ ಮೊದಲ ಚಿತ್ರವನ್ನು ನೆನೆಯಲಿ. 2017ರ ಏಪ್ರಿಲಿನಲ್ಲಿ ಭೂಮಿಯ ಎಂಟು ದೂರದರ್ಶಕಗಳು ಕಲೆಹಾಕಿದ ಮಾಹಿತಿ ಸುಮಾರು 5 ಪೆಟಾಬೈಟ್. ಹಾರ್ಡ್‌ಡಿಸ್ಕ್‌ಗಳದ್ದೇ ಅರ್ಧ ಟನ್ ತೂಕ. ಜಗತ್ತಿನ ಘಟಾನುಘಟಿ ವಿಜ್ಞಾನಿಗಳು ಅದನ್ನು ವೈರಿಗೂ ಕೊಡಲಿಲ್ಲ, ಉಪಗ್ರಹಕ್ಕೂ ಕೊಡಲಿಲ್ಲ. ವಿಮಾನಕ್ಕೆ ಹೇರಿ ಅಮೆರಿಕ ಮತ್ತು ಜರ್ಮನಿಗೆ ತರಿಸಿಕೊಂಡರು. ದಕ್ಷಿಣ ಧ್ರುವದ ಡಿಸ್ಕ್‌ಗಳಿಗೆ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವವರೆಗೂ, ವರ್ಷದ ಕೊನೆಯವರೆಗೆ, ಕಾದರು. ಚಿತ್ರ ಹೊರಬಂದದ್ದು 2019ರಲ್ಲಿ. ಆದ್ದರಿಂದ ವೈರೋ ವೈರ್‌ಲೆಸ್ಸೋ ಎಂದು ಕೇಳುವ ಮೊದಲು ಹೊರೆ ಎಷ್ಟು, ಅವಸರ ಎಷ್ಟು ಎಂದು ಕೇಳುವುದು ಲೇಸು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಮದುವೆಯ ವಿಡಿಯೋ ಕಳಿಸಹೊರಟಾಗ ಪರದೆಯ ಮೇಲೆ ‘ಇನ್ನು 22 ಗಂಟೆ’ ಎಂದು ಮೂಡಿದರೆ ರೂಟರಿನ ತಲೆ ಮೊಟಕಿ ಫಲವಿಲ್ಲ. ಹಾರ್ಡ್‌ಡಿಸ್ಕನ್ನು ರಾತ್ರಿ ಬಸ್ಸಿಗೆ ಹತ್ತಿಸಿದರೆ ಬೆಳಗಿನ ಕಾಫಿ ಹೊತ್ತಿಗೆ ಅಲ್ಲಿರುತ್ತದೆ. ಕಿಟಕಿ ಪಕ್ಕದ ಸೀಟನ್ನೂ ಕೇಳುವುದಿಲ್ಲ.